ಸಾಂತವೋ, ಅನಂತವೋ?

ವಿಶ್ವಕ್ಕೆ ಕೊನೆಯುಂಟೇ ಎಂಬ ಪ್ರಶ್ನೆಯನ್ನು ಪಂಡಿತರಿಗೆ ಬಿಟ್ಟುಬಿಡಬಹುದಾಗಿತ್ತು. ಆದರೆ ನಮ್ಮ ತಂದೆಯವರು ತೀರಿಕೊಂಡ ಬಳಿಕ ಅದು ನನಗೆ ಮನೆಯೊಳಗಿನ ಪ್ರಶ್ನೆಯಾಗಿದೆ. ವಿಶ್ವವು ಅನಂತವಾಗಿದ್ದು, ಎಲ್ಲೆಡೆಯಲ್ಲಿಯೂ ಇಲ್ಲಿಯಂತೆಯೇ ದ್ರವ್ಯವು ಹರಡಿದ್ದರೆ, ಪರಮಾಣುಗಳ ಇದೇ ಜೋಡಣೆಯು ಬಹು ದೂರದಲ್ಲಿ ಮತ್ತೆ ಬರಲೇಬೇಕೆಂದು ಕೆಲವು ವಿಜ್ಞಾನಿಗಳು ವಾದಿಸುತ್ತಾರೆ. ಅಂದ ಮೇಲೆ ಇನ್ನೊಂದು ಕುಳಗೇರಿ ಕ್ರಾಸಿನಲ್ಲಿ ಅವರಂಥವರೇ ಒಬ್ಬರು ಬಾದಾಮಿಯ ಬಸ್ಸಿಗಾಗಿ ಕಾಯುತ್ತಿರಬಹುದು. ಇದನ್ನು ಕೇಳಿದ ಮಿತ್ರರೊಬ್ಬರಿಗೆ ಸಮಾಧಾನವಾಯಿತು; ನನಗಾಗಲಿಲ್ಲ. ಎಣಿಕೆಯಿಲ್ಲದಷ್ಟು ಸಲ ಬರುವವರಿಗಾಗಿ ಅಳುವದಾದರೂ ಹೇಗೆ?

ಆದುದರಿಂದ ನನ್ನ ಮನಸ್ಸು ಸಾಂತಪಕ್ಷಕ್ಕೆ ವಾಲುತ್ತದೆ. ಅದಕ್ಕೆ ಹಳೆಯ ಬೆಂಬಲವೂ ಉಂಟು. ಬಾದಾಮಿಯ ನಾಲ್ಕನೆಯ ಗುಹೆಯಲ್ಲಿ ತೀರ್ಥಂಕರರ ಮೂರ್ತಿಗಳನ್ನು ಕಂಡವರು ಅನೇಕರು. ಆ ಮತದವರು ಲೋಕಕ್ಕೆ ಒಂದು ಆಕಾರವನ್ನೇ ಹೇಳಿರುವರೆಂಬದು ಎಲ್ಲರಿಗೂ ತಿಳಿದಿರಲಿಕ್ಕಿಲ್ಲ. ಕಾಲಗಲಿಸಿ, ಸೊಂಟದ ಮೇಲೆ ಕೈಯಿಟ್ಟು ನಿಂತ ಪುರುಷನಂತೆ ಲೋಕವು; ಅದರ ಎತ್ತರ 14 ರಜ್ಜು. ಜೀವ, ಪುದ್ಗಲ, ಚಲನೆಗಳೆಲ್ಲವೂ ಅದರೊಳಗೆ. ಹೊರಗೆ ಬರಿಯ ಆಕಾಶ, ಅದಕ್ಕೆ ಕೊನೆಯಿಲ್ಲ.

ಭಾಸ್ಕರಾಚಾರ್ಯರ ದಾರಿಯೇ ಬೇರೆ. 1150 ರ ತಮ್ಮ ಸಿದ್ಧಾಂತಶಿರೋಮಣಿಯಲ್ಲಿ ಅವರು ಆಕಾಶಕಕ್ಷೆಯ ಸುತ್ತಳತೆಯನ್ನು 1,87,12,06,920 ಕೋಟಿ ಯೋಜನಗಳೆಂದು ಕೊಟ್ಟು, ಇದು ಬ್ರಹ್ಮಾಂಡದ ಅಳತೆಯಾಗಿರಲಿ, ಆಗದಿರಲಿ, ಒಂದು ಕಲ್ಪದಲ್ಲಿ ಗ್ರಹವು ನಡೆಯುವ ದೂರವು ಇಷ್ಟು ಎಂಬುದೇ ತಮ್ಮ ಮತವೆನ್ನುತ್ತಾರೆ. ಎಣಿಸಿದ್ದನ್ನು ಹೇಳಿ, ಕಾಣದ ಅಂಚಿನ ಮಾತನ್ನು ಅಲ್ಲಿಗೇ ಬಿಟ್ಟರು. ಈ ಬಿಗಿ ಎಷ್ಟು ಜನರಿಗಿದ್ದೀತು!

ಐನ್‌ಸ್ಟೈನರು 1917 ರಲ್ಲಿ, ವಿಶ್ವವು ಸಾಂತವಾಗಿದ್ದೂ ಅಂಚಿಲ್ಲದಿರಬಹುದೆಂದು ತೋರಿಸಿದರು; ಗೋಲದ ಮೈಮೇಲೆ ನಡೆವ ಇರುವೆಗೆ ಅಂಚು ಸಿಕ್ಕದಂತೆ. ಆದರೆ ಪ್ಲಾಂಕ್ ಉಪಗ್ರಹದ 2018 ರ ವರದಿಯಂತೆ ವಿಶ್ವದ ವಕ್ರತೆಯು ಸಾವಿರದಲ್ಲಿ ಕೆಲವೇ ಅಂಶಗಳ ಅಂತರದೊಳಗೆ ಸೊನ್ನೆ. ಅಂದರೆ ನಮ್ಮ ವಿಶ್ವ ಚಪ್ಪಟೆ. ಅಲ್ಲಿಗೆ ಅನಂತಪಕ್ಷವೇ ಗೆದ್ದಿತೆಂದು ಹಲವರು ತಿಳಿಯುತ್ತಾರೆ. ಹಾಗೇನೂ ಇಲ್ಲ. ಕ್ರಾಸಿನ ಸುತ್ತಲಿನ ಹೊಲಗಳೂ ಕಣ್ಣಿಗೆ ಚಪ್ಪಟೆಯೇ. ಅಷ್ಟರಿಂದ ಭೂಮಿಯು ಚಪ್ಪಟೆಯಾಗಲಿಲ್ಲ. ಇರಲಿ, ನಿಜವಾಗಿ ಚಪ್ಪಟೆಯೆಂದೇ ಒಪ್ಪೋಣ. ಇಳಕಲ್ಲ ಸೀರೆಯೊಂದರ ಎರಡು ಅಂಚುಗಳನ್ನು ಕೂಡಿಸಿ ಹೊಲಿದರೆ ಅದು ಕೊಳವೆಯಾಗುವದು. ಆದರೂ ಹಾಸು ಹೊಕ್ಕುಗಳು ಮೊದಲಿನಂತೆ ನೇರ ಮೂಲೆಗಳಲ್ಲಿಯೇ ಕೂಡುವವು. ನೂಲಿನ ಮೇಲೆ ಹೊರಟ ಇರುವೆಯು ಎಲ್ಲಿಯೂ ಬಾಗನ್ನು ಅರಿಯದೆ ಹೊರಟಲ್ಲಿಗೇ ಬರುವದು. ಆಕಾಶವು ಮೂರು ದಿಕ್ಕುಗಳಲ್ಲಿಯೂ ಹೀಗೆ ಹೊಲಿದುಕೊಂಡಿದ್ದರೆ ಚಪ್ಪಟೆತನಕ್ಕೆ ಭಂಗವಿಲ್ಲ, ವಿಶ್ವಕ್ಕೆ ಮಿತಿಯೂ ಉಂಟು.

ಹಾಗಿದ್ದು ಆ ಸುತ್ತು ಚಿಕ್ಕದಾಗಿದ್ದರೆ, ವಿಶ್ವದ ಅತಿ ಹಳೆಯ ಬೆಳಕಿನಲ್ಲಿ ಆಕಾಶದ ಬೇರೆ ಬೇರೆ ಕಡೆಗೆ ಒಂದೇ ರೂಪದ ವರ್ತುಲಗಳು ಕಾಣಬೇಕು. ಜ್ಯೋತಿರ್ವಿದರು ಹುಡುಕಿದರು, ಸಿಕ್ಕಲಿಲ್ಲ. ನಮ್ಮ ನೋಟವು ಸುಮಾರು 4,600 ಕೋಟಿ ಜ್ಯೋತಿರ್ವರ್ಷಗಳಲ್ಲಿ ನಿಲ್ಲುವದರಿಂದ, ಅದಕ್ಕಿಂತ ಬಹಳ ದೊಡ್ಡ ಸುತ್ತಿದ್ದರೆ ಅವು ಸಿಕ್ಕುವಂತೆಯೂ ಇಲ್ಲ. ಸಾಂತಪಕ್ಷದವರಿಗೆ ಅಷ್ಟು ಎಡೆಯು ಇನ್ನೂ ಉಳಿದಿದೆ.