ಮೂರನೆಯ ಬೋಲ್ಟು

ನಮ್ಮ ತಂದೆಯವರ ಯೆಜ್ಡಿ ಮೋಟಾರು ಸೈಕಲ್ಲು ಹನ್ನೊಂದು ವರ್ಷಗಳಿಂದ ಹೊಸೂರಿನ ನಮ್ಮ ಮನೆಯ ಜಗಲಿಯ ಮೂಲೆಯಲ್ಲಿ ಗೋಣಿತಾಟು ಹೊದ್ದು ನಿಂತಿತ್ತು. 1979ರಲ್ಲಿ ಕೊಂಡ ಆ ವಾಹನವನ್ನೇರಿ ಅವರು ತಳಿ ರಸ್ತೆಯ ಹಳ್ಳಿಯೊಂದರ ಕನ್ನಡ ಶಾಲೆಗೆ ನಿವೃತ್ತರಾಗುವವರೆಗೂ ಹೋಗಿ ಬಂದರು. ಪಠ್ಯಪುಸ್ತಕಗಳ ಕಟ್ಟು, ಪರೀಕ್ಷೆಯ ಉತ್ತರಪತ್ರಿಕೆಗಳು, ಒಮ್ಮೊಮ್ಮೆ ಜ್ವರ ಬಂದ ಹುಡುಗ, ಎಲ್ಲವೂ ಅದರ ಹಿಂದಿನ ಆಸನದ ಮೇಲೆಯೇ ಪ್ರಯಾಣ ಮಾಡಿದ್ದವು. ಈಗ ಅವರಿಗೆ ಎಂಬತ್ತನಾಲ್ಕು. ಕಳೆದ ಯುಗಾದಿಯ ದಿನ ಊಟ ಮುಗಿಸಿ ಕುಳಿತವರು, "ಒಂದ್ಸಲ ಅದರ ಸದ್ದು ಕೇಳ್ಬೇಕು ಕಣ್ರಪ್ಪಾ" ಎಂದರು. ಅಣ್ಣತಮ್ಮಂದಿರಾದ ನಾವಿಬ್ಬರೂ ಆ ಮಾತನ್ನು ಅಪ್ಪಣೆಯೆಂದೇ ತಿಳಿದೆವು.

ಈ ವಾಹನಗಳು ತಯಾರಾಗುತ್ತಿದ್ದುದು ನಮ್ಮ ಮೈಸೂರಿನಲ್ಲಿ. 1961ರಲ್ಲಿ ಜಾವಾ ಎಂಬ ಹೆಸರಿನಿಂದ ಆರಂಭವಾಗಿ, ಮುಂದೆ ಯೆಜ್ಡಿ ಎಂದು ಹೆಸರಾಗಿ, 1996ರಲ್ಲಿ ಆ ಕಾರ್ಖಾನೆ ಮುಚ್ಚಿತು. ಈಚೆಗೆ ಆ ಹೆಸರುಗಳು ಹೊಸ ವಾಹನಗಳ ಮೇಲೆ ಮರಳಿ ಬಂದಿವೆಯಾದರೂ ಅವುಗಳ ಎಂಜಿನ್ನು ಬೇರೆ. ಅದರ ಭಾಗಗಳು ಇದಕ್ಕೆ ಒಗ್ಗುವುದಿಲ್ಲ. ಆದುದರಿಂದ ಇದ್ದುದನ್ನು ಉಳಿಸಿಕೊಳ್ಳುವುದೇ ನಮಗಿದ್ದ ದಾರಿ. ಎರಡು ತಿಂಗಳ ಭಾನುವಾರಗಳನ್ನು ಅದಕ್ಕೆ ಮೀಸಲಿಟ್ಟೆವು. ಸಿಲಿಂಡರನ್ನು ಲೇತ್ ಅಂಗಡಿಯಲ್ಲಿ ಬೋರ್ ಮಾಡಿಸಿ, ಹೊಸ ಪಿಸ್ಟನ್ನು, ಬೇರಿಂಗು, ಆಯಿಲ್ ಸೀಲುಗಳನ್ನು ಬೆಂಗಳೂರಿನಿಂದ ತಂದು, ಒಂದೊಂದಾಗಿ ಜೋಡಿಸುತ್ತ ಬಂದೆವು.

ಕಡೆಗೆ ಉಳಿದದ್ದು ಎಡಮಗ್ಗುಲಿನಲ್ಲಿ ಕ್ಲಚ್ಚನ್ನು ಮುಚ್ಚುವ ಅಲ್ಯೂಮಿನಿಯಂ ಮುಚ್ಚಳ. ಅದನ್ನು ಹಿಡಿದಿಡುವುದು ಆರು ಮಿಲ್ಲಿಮೀಟರಿನ ಸಣ್ಣ ತಿರುಪುಗಳು. ಹಳೆಯವುಗಳ ತಲೆ ಸವೆದಿತ್ತೆಂದು ನಾವು ಅಂದಕ್ಕೆ ಮರುಳಾಗಿ ಹೊಳೆಯುವ ಅಲೆನ್ ಬೋಲ್ಟುಗಳನ್ನು ತಂದಿದ್ದೆವು. ನಮ್ಮ ತಪ್ಪು ಅಲ್ಲಿಂದಲೇ ಮೊದಲಾಯಿತು. ಸ್ಕ್ರೂಡ್ರೈವರಿಗೆ ಒಂದು ಗುಣವುಂಟು. ಅತಿಯಾಗಿ ತಿರುಗಿಸಿದರೆ ಅದೇ ಜಾರುತ್ತದೆ. ಉದ್ದ ಹಿಡಿಯ ಅಲೆನ್ ಕೀಲಿಗೆ ಆ ದಾಕ್ಷಿಣ್ಯವಿಲ್ಲ. ಇಷ್ಟು ಸಣ್ಣ ಬೋಲ್ಟಿಗೆ, ಒಂದು ಅಡಿ ಉದ್ದದ ಹಿಡಿಯ ತುದಿಯಲ್ಲಿ ಸುಮಾರು ಮೂರು ಕಿಲೋ ಭಾರ ತೂಗುಹಾಕಿದಷ್ಟು ಬಿಗಿತ ಸಾಕು. ನಾವಾದರೋ, ಎಣ್ಣೆ ಸೋರೀತೆಂಬ ಭಯದಿಂದ, ಮುಂದಿನಿಂದ ಮೂರನೆಯ ಬೋಲ್ಟಿಗೆ "ಇನ್ನೊಂದು ಚೂರು" ಎಂದು ಕೈಕೊಟ್ಟೆವು. ಕೀಲಿ ಒಮ್ಮೆಲೇ ಬೆಣ್ಣೆಯಲ್ಲಿ ತಿರುಗಿದಂತೆ ಹಗುರಾಯಿತು. ಬೋಲ್ಟನ್ನು ಹೊರಗೆ ತೆಗೆದಾಗ ಅದರ ಸುತ್ತುಗಳ ತುಂಬ ಬೆಳ್ಳಿಯ ಎಳೆಯಂಥ ಅಲ್ಯೂಮಿನಿಯಂ ಸುತ್ತಿಕೊಂಡು ಬಂದಿತು. ಉಕ್ಕಿನ ಬೋಲ್ಟಿಗೆ ಏನೂ ಆಗಿರಲಿಲ್ಲ. ಮೆದು ಲೋಹದ ತೂತು ಕಿತ್ತುಹೋಗಿತ್ತು.

ಆ ಎರಕವನ್ನು ಬದಲಿಸುವಂತಿರಲಿಲ್ಲ. ಎಂಜಿನ್ನಿನ ಎರಡು ಹೋಳುಗಳನ್ನೂ ಜೋಡಿಯಾಗಿಯೇ ಕೊರೆದಿರುತ್ತಾರೆ. ಒಂದು ಕೆಟ್ಟರೆ ಇನ್ನೊಂದೂ ಹೋದಂತೆಯೇ. ಮೇಲಾಗಿ, ತಂದೆಯವರ ಆರ್‌.ಸಿ. ಪುಸ್ತಕದಲ್ಲಿರುವ ಎಂಜಿನ್ ನಂಬರನ್ನು ಕೆತ್ತಿರುವುದೂ ಅದರ ಮೇಲೆಯೇ. ತಪ್ಪು ಯಾರದೆಂಬ ಚರ್ಚೆಯಲ್ಲಿ ನಾವು ಎರಡು ದಿನ ಮಾತು ಬಿಟ್ಟೆವು. ನಮ್ಮಲ್ಲಿ ಹಿರಿಯವನು ಎಪಾಕ್ಸಿ ಅಂಟು ತುಂಬಿ ಬೋಲ್ಟನ್ನು ಕೂರಿಸಿಬಿಡೋಣವೆಂದ. ಬಿಸಿ ಎಣ್ಣೆಯ ಮುಂದೆ ಅದೆಷ್ಟು ದಿನ ನಿಂತೀತೆಂದು ಕಿರಿಯವನು ಕೇಳಿದ. ಜಗಲಿಯಿಂದ ತಂದೆಯವರು ಸಂಜೆಗೊಮ್ಮೆ "ಎಲ್ಲೀವರೆಗೆ ಬಂತು?" ಎನ್ನುವರು. "ಗ್ಯಾಸ್ಕೆಟ್ ಬರಬೇಕು ಅಪ್ಪ" ಎಂದು ನಾವು ಇಬ್ಬರೂ ಒಂದೇ ಬಾಯಿಂದ ಸುಳ್ಳು ಹೇಳಿದೆವು. ಸುಳ್ಳಿನಲ್ಲಿ ಮಾತ್ರ ನಮ್ಮ ಐಕಮತ್ಯ ಕೆಟ್ಟಿರಲಿಲ್ಲ. ಚಿಕ್ಕಂದಿನಲ್ಲಿ ನಾವು ಸೈಕಲ್ಲಿನ ನಟ್ಟನ್ನು ಮುರಿಯುವಂತೆ ಬಿಗಿದಾಗ, "ಬಿಗಿಯೋ ಮುಂಚೆ ಕೈನ ಕೇಳ್ರೋ" ಎಂದು ಗದರಿಸಿದವರು ಅವರು. ಕ್ಲಚ್ಚಿನ ಆ ಮುಚ್ಚಳವನ್ನಂತೂ ಯಾವ ಮೆಕ್ಯಾನಿಕ್ಕಿಗೂ ಬಿಚ್ಚಗೊಟ್ಟವರಲ್ಲ. ಅವರಿಗೆ ಇದನ್ನು ಹೇಳುವ ಧೈರ್ಯ ನಮಗೆ ಬರಲಿಲ್ಲ.

ಮೂರನೆಯ ದಿನ ಲೇತ್ ಅಂಗಡಿಯ ಮೇಸ್ತ್ರಿಯನ್ನು ಮನೆಗೆ ಕರೆತಂದೆವು. ತೂತಿನೊಳಗೆ ಬೆಳಕು ಬಿಟ್ಟು ನೋಡಿ ಆತ 'ಮರೈ' ಹೋಗಿದೆಯೆಂದ. ಜೊತೆಗೆ ಬಂದಿದ್ದ ತೆಲುಗಿನ ಹುಡುಗ 'ಮರ' ಎಂದ. ನಾವು ತಿರುಪಿನ ಸುತ್ತು ಎಂದೆವು. ನಮ್ಮ ಗಡಿಯೂರಿನಲ್ಲಿ ಒಂದು ತೂತು ಕೆಟ್ಟರೆ ಮೂರು ಭಾಷೆಯಲ್ಲಿ ಕೆಡುತ್ತದೆ. ಮೇಸ್ತ್ರಿ ಸೂಜಿಯನ್ನು ಬಾಗಿಸಿ ಒಳಗೆ ಆಡಿಸಿದಾಗ ಕರಿದಾದ ತಾಮ್ರದ ತಂತಿಯ ಎಳೆಯೊಂದು ಹೊರಬಂತು. "ಇದು ಮೊದಲೇ ಹೋಗಿತ್ತು ಸಾರ್. ಯಾರೋ ತಂತಿ ಇಟ್ಟು ಓಡಿಸಿದ್ದಾರೆ" ಎಂದ ಆತ. ಯಾರೋ ಕಳ್ಳ ಮೆಕ್ಯಾನಿಕ್ಕಿನ ಕೆಲಸವೆಂದು ನಾವು ನಿಟ್ಟುಸಿರಿಟ್ಟೆವು. ತಪ್ಪಿನ ಅರ್ಧ ಭಾರ ಇಳಿದಂತಾಯಿತು.

ದುರಸ್ತಿಯ ಕ್ರಮವನ್ನು ನಾವು ಬೆರಗಿನಿಂದ ನೋಡಿದೆವು. ಎಂಜಿನ್ನಿನೊಳಗೆ ಚೂರು ಬೀಳದಂತೆ ಬಟ್ಟೆ ತುರುಕಿದ ಮೇಲೆ, ಮುಚ್ಚಳವನ್ನು ಉಳಿದ ಬೋಲ್ಟುಗಳಿಂದ ಕೂರಿಸಿ, ಅದರ ತೂತನ್ನೇ ದಾರಿಯಾಗಿ ಮಾಡಿಕೊಂಡು ಆತ ನೆಟ್ಟಗೆ 6.3 ಮಿಲ್ಲಿಮೀಟರಿನ ಬಿಟ್ಟನ್ನು ಇಳಿಸಿದ. ಎಷ್ಟು ಆಳವೆಂಬುದಕ್ಕೆ ಬಿಟ್ಟಿನ ಮೇಲೆ ಅಂಟುಪಟ್ಟಿ ಸುತ್ತಿದ್ದ. ಕೆಟ್ಟ ಲೋಹವೆಲ್ಲ ಹೋಗುವವರೆಗೆ ತೂತನ್ನು ಇನ್ನೂ ಹಿರಿದಾಗಿಸಬೇಕೆಂಬುದನ್ನು ಕಂಡು ನಮ್ಮ ಎದೆ ಡವಗುಟ್ಟಿತು. ಆಮೇಲೆ ಮುಚ್ಚಳ ತೆಗೆದು, ಚೂರು ಅಂಟಿಕೊಳ್ಳಲೆಂದು ಟ್ಯಾಪಿನ ಗೀರುಗಳಿಗೆ ಗ್ರೀಸು ತುಂಬಿ, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ತಿರುಗಿಸುತ್ತ ಹೊಸ ಸುತ್ತುಗಳನ್ನು ಕೊರೆದ. ತೂತನ್ನು ಶುಚಿ ಮಾಡಿ, ಸ್ಪ್ರಿಂಗಿನಂತೆ ಸುತ್ತಿದ ತುಕ್ಕುಹಿಡಿಯದ ಉಕ್ಕಿನ ತಂತಿಯನ್ನು ಅದರೊಳಗೆ ತಿರುಗಿಸಿ ಇಳಿಸಿದ. ಇದಕ್ಕೆ ಹೆಲಿಕಾಯಿಲ್ ಎನ್ನುತ್ತಾರೆ. ಆ ತಂತಿ ಹೊರಮುಖವಾಗಿ ಹಿಗ್ಗಿ ಅಲ್ಯೂಮಿನಿಯಮನ್ನು ತಾನೇ ಹಿಡಿದುಕೊಳ್ಳುತ್ತದೆ. ಒಳಮುಖದಲ್ಲಿ ಮತ್ತೆ ಅದೇ ಆರು ಮಿಲ್ಲಿಮೀಟರಿನ ಬೋಲ್ಟಿಗೆ ಉಕ್ಕಿನ ಮನೆಯಾಗುತ್ತದೆ. ತಂತಿಯ ಮೇಲ್ತುದಿ ಎರಕದ ಮುಖಕ್ಕಿಂತ ಅರ್ಧ ಸುತ್ತು ಕೆಳಗಿಳಿದಾಗ ನಿಲ್ಲಿಸಿ, ತಳದ ಕೊಕ್ಕೆಯನ್ನು ತಟ್ಟಿ ಮುರಿದು, ಆ ಚೂರನ್ನು ಚಿಮುಟದಿಂದ ಎತ್ತಿ ನಮ್ಮ ಅಂಗೈಗೆ ಹಾಕಿದ. ಅಂಗೈಯಲ್ಲಿ ಅದರ ಪಕ್ಕದಲ್ಲಿಯೇ ಆ ತಾಮ್ರದ ಎಳೆಯೂ ಇತ್ತು.

ಮೇಸ್ತ್ರಿ ಕೈತೊಳೆಯುತ್ತಿದ್ದಾಗ ತಂದೆಯವರು ಕೋಲೂರಿಕೊಂಡು ಬಂದು ನಿಂತರು. ಇನ್ನು ಮುಚ್ಚಿಡುವುದು ಸಾಧ್ಯವಿರಲಿಲ್ಲ. ಹೇಳಿದೆವು. ಅವರು ಕೋಪಿಸಿಕೊಳ್ಳಲಿಲ್ಲ. "ಮುಂದಿನಿಂದ ಮೂರನೇದಾ?" ಎಂದರು. ನಾವು ತಲೆಯಾಡಿಸಿದೆವು. "ಅದನ್ನ ಕೆಡಿಸಿದ್ದು ನಾನೇ ಕಣ್ರಪ್ಪಾ. ಎಂಬತ್ನಾಲ್ಕನೇ ಇಸವಿ. ಬೆಳಗಾದ್ರೆ ಪರೀಕ್ಷೆ, ಕ್ಲಚ್ ಹಿಡೀತಿರಲಿಲ್ಲ. ರಾತ್ರಿ ಲಾಟೀನು ಇಟ್ಕೊಂಡು ಬಿಚ್ಚಿದೆ, ಅವಸರದಲ್ಲಿ ಬಿಗಿದೆ, ಹೋಯ್ತು. ಕರೆಂಟ್ ವೈರಿನ ಎಳೆ ಒಂದು ಇಟ್ಟು ಮೆಲ್ಲಗೆ ಕೂರಿಸಿದೆ." ಸ್ವಲ್ಪ ತಡೆದು, "ನಿಮ್ಮನ್ನ ಆಮೇಲೆ ಅಲ್ವಾ ನಾನು ಸೈಕಲ್ ನಟ್ಟಿಗೆ ಬೈದಿದ್ದು?" ಎಂದು ತಾವೇ ನಕ್ಕರು.

ಆ ಮುಚ್ಚಳಕ್ಕೆ ಬೇರೆಯವರ ಕೈ ಸೋಕದಂತೆ ಅವರು ಇಷ್ಟು ವರ್ಷ ಕಾಯ್ದುದೇಕೆಂದು ನಮಗೆ ಆಗ ತಿಳಿಯಿತು. ನಾವು ಎರಡು ದಿನ ಬಚ್ಚಿಟ್ಟುದನ್ನು ಅವರು ನಾಲ್ಕು ದಶಕ ಬಚ್ಚಿಟ್ಟಿದ್ದರು. ಇಬ್ಬರು ಗಂಡುಮಕ್ಕಳ ಮುಂದೆ ಶಾಲಾಮಾಸ್ತರರೊಬ್ಬರು ತಮ್ಮ ತಪ್ಪನ್ನು ಹೇಳಿಕೊಳ್ಳಲು ಒಂದು ತೂತು ಎರಡನೆಯ ಸಲ ಕೆಡಬೇಕಾಯಿತು. ಅವರನ್ನು ಕಳ್ಳ ಮೆಕ್ಯಾನಿಕ್ಕೆಂದು ಮನಸ್ಸಿನಲ್ಲೇ ಬೈದುಕೊಂಡಿದ್ದೆವೆಂಬುದನ್ನು ಮಾತ್ರ ನಾವು ಇಂದಿಗೂ ಅವರಿಗೆ ಹೇಳಿಲ್ಲ. ಈ ಪುಟವನ್ನು ಓದಿ ತಿಳಿದುಕೊಳ್ಳಲಿ.

ಆ ಸಂಜೆ ಬೋಲ್ಟುಗಳನ್ನು ಗಿಡ್ಡ ಕೀಲಿಯಿಂದ, ಎದುರುಬದುರಾಗಿ, ಸ್ವಲ್ಪ ಸ್ವಲ್ಪವಾಗಿ ಬಿಗಿದೆವು. ಮೂರನೆಯದನ್ನು ತಂದೆಯವರೇ ಬಿಗಿದರು. ಅವರ ಕೈ ನಡುಗುತ್ತಿತ್ತು. ಆದರೆ ನಿಲ್ಲಬೇಕಾದಲ್ಲಿ ನಿಂತಿತು. ಗೇರಿನ ಕೋಲನ್ನೇ ಮೇಲೆ ತಿರುಗಿಸಿ ಕಿಕ್ ಮಾಡುವ ಆ ಹಳೆಯ ಉಪಾಯವನ್ನು ಅವರು ಹೇಳಿಕೊಡಲು, ಏಳನೆಯ ಒದೆತಕ್ಕೆ ಎಂಜಿನ್ನು ನೀಲಿ ಹೊಗೆಯುಗುಳಿ ಎದ್ದಿತು. ಅವರು ಕಣ್ಣುಮುಚ್ಚಿ ಬಹಳ ಹೊತ್ತು ಕೇಳಿದರು. ರಾತ್ರಿ ಎಂಜಿನ್ನಿನ ಕೆಳಗೆ ಪತ್ರಿಕೆಯ ಹಾಳೆಯೊಂದನ್ನು ಹಾಸಿ ಮಲಗಿದೆವು. ಬೆಳಿಗ್ಗೆ ನಾವು ಏಳುವ ಮೊದಲೇ ತಂದೆಯವರು ಅದನ್ನು ಎಳೆದು ನೋಡಿ, ಒಂದು ತೊಟ್ಟೂ ಬಿದ್ದಿಲ್ಲವೆಂದು ಮಡಿಸಿ ಇಟ್ಟಿದ್ದರು.