ಆಗ್ನೆಸ್ ಕೆರೆಯ ಚಹಾದ ಮನೆ

ಮುಂಬಯಿಯ ಕಚೇರಿಯಲ್ಲಿ ಕಡತ ಕಟ್ಟುವ ನಮ್ಮಂಥವರಿಗೆ ಕೆನಡಾ ಪ್ರವಾಸ ಕೈಗೆಟಕುವ ಮಾತಲ್ಲ. ಕ್ಯಾಲ್ಗರಿಯಲ್ಲಿರುವ ಅಕ್ಕ ಟಿಕೀಟು ಕಳಿಸಿದ್ದರಿಂದ ಹೋದ ಜುಲೈಯಲ್ಲಿ ನಾವು ದಂಪತಿಗಳು ತಾಯಿಯವರನ್ನು ಕರೆದುಕೊಂಡು ಹೊರಟೆವು. ನೋಡಿದ ಸ್ಥಳಗಳು ಹಲವು. ಇಲ್ಲಿ ಒಂದನ್ನಷ್ಟೇ ವಾಚಕರ ಮುಂದಿಡುತ್ತೇವೆ.

ರಾಕಿ ಪರ್ವತಗಳ ನಡುವಿನ ಲೂಯಿಸ್ ಸರೋವರದಿಂದ ಮೂರೂವರೆ ಕಿಲೋಮೀಟರು ನಡೆದರೆ ಆಗ್ನೆಸ್ ಕೆರೆ. ಅದರ ಎತ್ತರ 2,135 ಮೀಟರು. ನಾವು ಏರಬೇಕಾದದ್ದು ಸುಮಾರು 400 ಮೀಟರು. ಕೆರೆಯ ದಂಡೆಯಲ್ಲೊಂದು ಚಹಾದ ಮನೆಯಿದೆ. ನಡೆದು ಬರುವವರ ಆಸರೆಗೆಂದು ಕೆನಡಿಯನ್ ಪೆಸಿಫಿಕ್ ರೈಲ್ವೆಯವರು 1901ರಲ್ಲಿ ಕಟ್ಟಿಸಿದ್ದು; 1905ರಿಂದ ಅಲ್ಲಿ ಚಹಾ ದೊರೆಯುತ್ತಿದೆ. ಈಗಿರುವ ಮರದ ದಿಮ್ಮಿಗಳ ಕಟ್ಟಡ 1981ರದು.

ದಾರಿಯಲ್ಲಿ ಮಿರರ್ ಲೇಕ್ ಎಂಬ ದುಂಡನೆಯ ಕೊಳ. ಅದರ ಮೇಲೆ ಜೇನುಗೂಡಿನಾಕಾರದ ಭಾರಿ ಬಂಡೆ. ಅಲ್ಲಿಗೆ ಬರುವಷ್ಟರಲ್ಲಿ ತಾಯಿಯವರಿಗೆ ಏದುಸಿರು ಹತ್ತಿತು. ಹಿಂದಿರುಗೋಣವೆಂದೆವು.

“ಇಷ್ಟ ದೂರ ಬಂದು ಚಹಾ ಕುಡೀದ ಹೋಗೂದೇನು?” ಎಂದು ಅವರು ಅಕ್ಕನ ಕೈ ಹಿಡಿದು ಎದ್ದರು.

ನಮಗೆ ಆಶ್ಚರ್ಯವೇ ಆಯಿತು. ತಂದೆಯವರು ತೀರಿಕೊಂಡದ್ದು 2020ರ ಮೇ ತಿಂಗಳಲ್ಲಿ. ವಿಮಾನಗಳು ನಿಂತಿದ್ದವು, ಅಕ್ಕನಿಗೆ ಬರಲಾಗಲಿಲ್ಲ. ಅಂದಿನಿಂದ ತಾಯಿ ಮಗಳು ಎಲ್ಲ ಮಾತನ್ನೂ ಆಡುತ್ತಿದ್ದರು, ಅದೊಂದನ್ನು ಬಿಟ್ಟು.

ಕೊನೆಗೆ ಜಲಪಾತದ ಬದಿಯ ಮೆಟ್ಟಿಲೇರಿ ಮೇಲೆ ತಲುಪಿದೆವು. ಆ ಮನೆಗೆ ರಸ್ತೆಯಿಲ್ಲ, ವಿದ್ಯುತ್ತಿಲ್ಲ. ಹಿಟ್ಟು, ಸಕ್ಕರೆ ಮುಂತಾದ ದಾಸ್ತಾನು ಹಂಗಾಮಿನ ಆರಂಭದಲ್ಲಿ ಹೆಲಿಕಾಪ್ಟರಿನಿಂದ ಬರುತ್ತದೆ. ತಾಜಾ ಪದಾರ್ಥಗಳನ್ನು ಕೆಲಸದ ಹುಡುಗ ಹುಡುಗಿಯರು ಬೆನ್ನ ಮೇಲೆ ಹೊತ್ತು ತರುತ್ತಾರೆ. ಕಸವನ್ನೂ ಹೊತ್ತೇ ಇಳಿಸುತ್ತಾರೆ. ಕೆರೆಯ ನೀರನ್ನೇ ಕುದಿಸಿ ಚಹಾ ಮಾಡುವರು. ಬಗೆಬಗೆಯ ಚಹಾಗಳ ಉದ್ದನೆಯ ಪಟ್ಟಿಯೇ ಇತ್ತು. ತಾಯಿಯವರು ಕೇಳಿದ್ದು ಹಾಲು ಸಕ್ಕರೆ ಹಾಕಿದ್ದನ್ನೇ.

ಮೊದಲ ಕಪ್ಪನ್ನು ಅವರು ಅಕ್ಕನ ಮುಂದೆ ಸರಿಸಿದರು.

“ನಿಮ್ಮಪ್ಪ ಕಡೀ ದಿನ ನಿನ್ನ ಹೆಸರ ತಗೊಂಡ್ರು. ‘ಹಾದಿ ಬಂದ್ ಆಗ್ಯಾವ, ಬರಾಕ ಆಗಲಿಲ್ಲಂತ ಅಕಿ ಮನಸಿಗೆ ಹಚ್ಚಿಕೊಳ್ಳೂದು ಬ್ಯಾಡ, ಹೇಳು’ ಅಂದ್ರು. ಸಿಟ್ಟಿನ್ಯಾಗ ನಾನ ಹೇಳಲಿಲ್ಲವ್ವಾ.”

ಅಕ್ಕ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತಳು. ಕುಡಿಯಲಿಲ್ಲ. ನಾವಿಬ್ಬರೂ ಕೆರೆ ನೋಡುವ ನೆಪದಲ್ಲಿ ಎದ್ದು ಹೊರಗೆ ಬಂದೆವು. ಮರಳಿದಾಗ ತಾಯಿಯವರು ಎರಡನೆಯ ಸಲ ಚಹಾ ತರಿಸಿದ್ದರು. ಮೊದಲಿನದು ಆರಿಹೋಗಿತ್ತಂತೆ.

ಚಹಾದ ಮನೆ ಜೂನ್‌ನಿಂದ ಅಕ್ಟೋಬರಿನ ಆರಂಭದವರೆಗೆ ಮಾತ್ರ ತೆರೆದಿರುತ್ತದೆ. ಆ ಕಡೆ ಮಕ್ಕಳಿರುವ ನಮ್ಮ ಸಂಘದ ಹಿರಿಯರು ಅವಶ್ಯ ಹೋಗಿಬರಬೇಕು. ಬೇಸಿಗೆಯಾದರೂ ಉಣ್ಣೆಯ ಶಾಲು ಇರಲಿ. ನಡುವೆ ಎರಡು ಸಲ ಕುಳಿತು ಏರಿದರೆ ಸಾಕು, ಆತುರ ಬೇಡ.