ವೇಳೆಯರಿಯದ ಉಪಕಾರ

ಉಪಕಾರವೂ ವೇಳೆಯರಿತು ಬಾರದಿದ್ದರೆ ಉಪದ್ರವವಾಗುವುದೆಂಬ ಪಾಠವನ್ನು, ಜೀವಮಾನವೆಲ್ಲ ಪಾಠ ಹೇಳಿದ ನಾನು, ಅರುವತ್ತನೆಯ ವಯಸ್ಸಿನಲ್ಲಿ ಒಂದು ಗಣಕಯಂತ್ರದಿಂದ ಕಲಿಯಬೇಕಾಯಿತು.

ನಮ್ಮ ವಾಮದಪದವು ಹೆಸರಿಗೆ ತಕ್ಕಂತೆ ಪದವೇ ಸರಿ. ಮುರಕಲ್ಲಿನ ಎತ್ತರದ ನೆಲ. ನಾನು ನಿವೃತ್ತನಾದಾಗ ಮಗನು ಗಣಕಯಂತ್ರವೊಂದನ್ನು ತಂದಿರಿಸಿ ಹೋದನು. ಅದರಲ್ಲಿ ಅಮರಕೋಶಕ್ಕೆ ಮಕ್ಕಳಿಗೆ ತಿಳಿಯುವಂತಹ ಕನ್ನಡ ಟಿಪ್ಪಣಿಯೊಂದನ್ನು ಬರೆಯುತ್ತಿದ್ದೇನೆ. ನೆರೆಕರೆಯವರ ಅರ್ಜಿಗಳನ್ನೂ ತುಂಬಿಕೊಡುತ್ತೇನೆ.

ಕಳೆದ ವರ್ಷ ತುಲಾ ಮಾಸದ ಒಂದು ಸಂಜೆ, ಬೀಡಿ ಕಟ್ಟಿ ಮಗಳನ್ನು ಓದಿಸುತ್ತಿರುವ ನೆರೆಮನೆಯ ಹೆಂಗಸು ಆ ಮಗುವಿನೊಡನೆ ಬಂದಳು. “ಮಾಸ್ಟ್ರೇ, ವಿದ್ಯಾರ್ಥಿವೇತನದ ಅರ್ಜಿಗೆ ಇಂದೇ ಕಡೆಯ ದಿನವಂತೆ” ಎಂದಳು. ಹುಡುಗಿಯು ಮುನ್ನಾದಿನವೇ ಬಂದಿದ್ದಳು. ಟಿಪ್ಪಣಿಯ ಗುಂಗಿನಲ್ಲಿದ್ದ ನಾನು “ನಾಳೆ ಬಾ ಮಗಾ” ಎಂದು, ಅವಳ ಅಂಕಪಟ್ಟಿಯನ್ನೂ ಆದಾಯದ ಪ್ರಮಾಣಪತ್ರವನ್ನೂ ಯಂತ್ರಕ್ಕೇರಿಸಿಟ್ಟುಕೊಂಡು ಕಳುಹಿಸಿದ್ದೆನು.

ಅರ್ಜಿಯು ಅರ್ಧ ತುಂಬಿತ್ತು. ಸಾಯಂಸಂಧ್ಯೆಯನ್ನು ತೀರಿಸಿ ಬರುವಷ್ಟರಲ್ಲಿ ಯಂತ್ರವು ತಾನಾಗಿಯೇ ಆರಿ, ತಾನಾಗಿಯೇ ಹೊತ್ತಿಕೊಂಡು, ನೀಲಿಯ ಪರದೆಯ ಮೇಲೆ “ಅಪ್‌ಡೇಟ್ ನಡೆಯುತ್ತಿದೆ, ಯಂತ್ರವನ್ನು ಆರಿಸಬೇಡಿ” ಎಂಬರ್ಥದ ಸಾಲನ್ನು ತೋರಿಸುತ್ತಿತ್ತು. ಶೇಕಡಾ 12. ತುಂಬಿದುದೆಲ್ಲವೂ ನಷ್ಟವಾಯಿತು.

ಅಷ್ಟರಲ್ಲಿ ಗುಡುಗು ಮೊದಲಾಯಿತು. ನಮ್ಮ ಕಡೆಯ ತುಲಾ ಮಾಸದ ಸಿಡಿಲನ್ನು ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಮೊದಲ ಮಿಂಚಿಗೇ ಮನೆಮನೆಯಲ್ಲಿಯೂ ಪ್ಲಗ್ಗುಗಳನ್ನು ಕೀಳುವುದು ವಾಡಿಕೆ. ಕಿತ್ತರೆ ನಡುವೆ ನಿಂತ ಕೆಲಸದಿಂದ ಯಂತ್ರವು ಕೆಡುವ ಭಯ. ಕೀಳದಿದ್ದರೆ ಸಿಡಿಲಿನ ಭಯ. ಮನೆಯವಳು “ಕೀಳಿರಿ” ಎಂದಳು, ನಾನು ಕೀಳಲಿಲ್ಲ. ಫೋನಿನಲ್ಲಿ ಯತ್ನಿಸೋಣವೆಂದರೆ ಪತ್ರಗಳ ಪ್ರತಿಗಳೆಲ್ಲ ಯಂತ್ರದ ಹೊಟ್ಟೆಯಲ್ಲಿದ್ದವು, ಮೂಲಪತ್ರಗಳು ಕಾಲೇಜಿನಲ್ಲಿದ್ದವು. ಆ ತಾಯಿಯು ಜಗಲಿಯ ಮೂಲೆಯಲ್ಲಿ ಕುಳಿತು ಒಂದು ಮಾತನ್ನೂ ಆಡಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಒಂಬತ್ತೂವರೆಗೆ ಯಂತ್ರವು ಕಣ್ದೆರೆಯಿತು. ಆದರೆ ಆ ಅಪ್‌ಡೇಟು ನನ್ನ ಫೋನಿನ ಅಂದಿನ ಡೇಟಾವನ್ನೆಲ್ಲ ಕುಡಿದುಬಿಟ್ಟಿತ್ತು. ಮತ್ತೆ ಹಣ ತುಂಬಿ, ಮೊದಲಿನಿಂದ ಬರೆದು, ಅರ್ಜಿಯನ್ನು ಕಳುಹಿಸಿದಾಗ ಗಂಟೆ ಹನ್ನೊಂದು ಕಳೆದು ನಲುವತ್ತು ನಿಮಿಷ. ತಾಯಿಮಕ್ಕಳು ಟಾರ್ಚು ಹಿಡಿದು ಮಳೆಯಲ್ಲಿ ಇಳಿದುಹೋದರು.

ಅಂದು ರಾತ್ರಿ ಕೋಪದಿಂದ ನಿದ್ರೆ ಬರಲಿಲ್ಲ. ಆದರೆ ಕೋಪವಿಳಿದ ಮೇಲೆ ವಿಚಾರ ಮಾಡಬೇಕಷ್ಟೆ. ಅಪ್‌ಡೇಟು ನಿರರ್ಥಕವಲ್ಲ. 2017ನೆಯ ಇಸವಿ ಮೇ 12ರಂದು ‘ವನ್ನಾಕ್ರೈ’ ಎಂಬ ದುಷ್ಟ ತಂತ್ರಾಂಶವು ಜಗತ್ತಿನ ಲಕ್ಷಾಂತರ ಗಣಕಯಂತ್ರಗಳಿಗೆ ಬೀಗ ಜಡಿದು ಹಣ ಕೇಳಿತು. ಇಂಗ್ಲೆಂಡಿನ ಸರಕಾರಿ ಆಸ್ಪತ್ರೆಗಳಲ್ಲಿ ರೋಗಿಗಳನ್ನು ಹಿಂದಕ್ಕೆ ಕಳುಹಿಸಬೇಕಾಯಿತು. ಅದು ನುಗ್ಗಿದ ಬಿರುಕನ್ನು ಮುಚ್ಚುವ ತೇಪೆಯು ಅದೇ ವರ್ಷ ಮಾರ್ಚ್ 14ರಂದೇ ಹೊರಟಿತ್ತು. ಅದನ್ನು ಹಾಕಿಸಿಕೊಂಡಿದ್ದವರು ಪಾರಾದರು. ಉದಾಸೀನ ಮಾಡಿದವರು ಸಿಕ್ಕಿಬಿದ್ದರು.

ಹಾಗಾದರೆ ನನ್ನ ಆಕ್ಷೇಪವೇನು? ತಿದ್ದುವುದಕ್ಕೂ ಒಂದು ಮರ್ಯಾದೆಯುಂಟು. ಪಾಣಿನಿಯ ಸೂತ್ರಗಳಲ್ಲಿ ಬಿಟ್ಟುಹೋದುದನ್ನೂ ಸರಿಯಿಲ್ಲದುದನ್ನೂ ಕಾತ್ಯಾಯನನು ತನ್ನ ವಾರ್ತಿಕಗಳಲ್ಲಿ ವಿಚಾರಿಸಿದನು. ಪತಂಜಲಿಯು ಮಹಾಭಾಷ್ಯದಲ್ಲಿ ಅವೆರಡನ್ನೂ ತೂಗಿ ನೋಡಿದನು. ಆದರೂ ಸೂತ್ರವು ಸೂತ್ರವಾಗಿಯೇ, ವಾರ್ತಿಕವು ವಾರ್ತಿಕವಾಗಿಯೇ ಉಳಿದುವು. ಯಾವುದನ್ನು ಸ್ವೀಕರಿಸಬೇಕೆಂಬ ವಿವೇಚನೆಯು ಓದುವವನ ಕೈಯಲ್ಲಿತ್ತು. ಬರೆಯುತ್ತಿರುವವನ ಕೈಯಿಂದ ಲೇಖನಿಯನ್ನು ಯಾರೂ ಕಿತ್ತುಕೊಳ್ಳಲಿಲ್ಲ. ನೆಂಟನು ಎಷ್ಟೇ ಹಿತೈಷಿಯಾದರೂ ಅಂಗಳದಿಂದ ಕೂಗಿಯೇ ಒಳಗೆ ಬರತಕ್ಕದ್ದು.

ಆದರೆ ಯಂತ್ರವು ಕೂಗಲೇ ಇಲ್ಲವೆಂದರೆ ಅಸತ್ಯವಾದೀತು. ಮೂರು ವಾರಗಳಿಂದ ಅದು ಮೂಲೆಯಲ್ಲಿ ಸೂಚನೆ ತೋರಿಸುತ್ತಲೇ ಇದ್ದಿತು. ನಾನು ಪ್ರತಿ ಬಾರಿಯೂ “ಆಮೇಲೆ” ಎಂಬುದನ್ನು ಒತ್ತಿದೆನು. ಆ ಹುಡುಗಿಗೂ “ನಾಳೆ” ಎಂದೇ ಹೇಳಿದೆನಲ್ಲವೆ? ಯಂತ್ರದ ತಪ್ಪು ಅವೇಳೆಯಲ್ಲಿ ಕೈಹಾಕಿದುದು. ನನ್ನ ತಪ್ಪು ವೇಳೆಯಿದ್ದಾಗ ಕೈಹಾಕದಿದ್ದುದು. ಎರಡು ತಪ್ಪುಗಳೂ ಒಂದೇ ಸಂಜೆ ಕೂಡಿದುವು. ದಂಡವನ್ನು ತೆತ್ತವರು ಮಾತ್ರ ಜಗಲಿಯಲ್ಲಿ ಕುಳಿತಿದ್ದರು.

ಗೃಹಸ್ಥರಾದ ವಾಚಕರಿಗೆ ಅನುಭವದಿಂದ ಎರಡು ಮಾತು ಹೇಳುವೆನು. ಯಂತ್ರದ ಸೆಟ್ಟಿಂಗ್ಸಿನಲ್ಲಿ ನಿಮ್ಮ ಕೆಲಸದ ವೇಳೆಯನ್ನು ಗುರುತಿಸಿಡಲು ಅವಕಾಶವಿದ್ದರೆ ಗುರುತಿಸಿರಿ. ಫೋನಿನ ಡೇಟಾವನ್ನು ಬಳಸುವವರು ಅದು ಮಿತವಾದ ಸಂಪರ್ಕವೆಂದು ಅಲ್ಲಿ ತಿಳಿಸಿರಿ. ಅದಕ್ಕಿಂತ ಮುಖ್ಯವಾಗಿ, ವಾರಕ್ಕೊಂದು ದಿನ ನೀವೇ ಅಪ್‌ಡೇಟನ್ನು ಕರೆದು ಮುಗಿಸಿಬಿಡಿರಿ. ಕರೆದು ಬಡಿಸಿದ ನೆಂಟನು ಹೊತ್ತಲ್ಲದ ಹೊತ್ತಿನಲ್ಲಿ ಬಾಗಿಲು ಬಡಿಯಲಾರನು.

ವಿದ್ಯಾರ್ಥಿವೇತನವು ಮಾಘದಲ್ಲಿ ಬಂದಿತು. ಈಗ ಭಾನುವಾರ ಬೆಳಗ್ಗೆ ಆ ಹುಡುಗಿಯೇ ಬಂದು, “ಮಾಸ್ಟ್ರೇ, ಇವತ್ತು ಮಾಡಿಬಿಡುವುದಾ?” ಎಂದು ಕೇಳುತ್ತಾಳೆ. ಕೇಳಿಯೇ ಒತ್ತುತ್ತಾಳೆ. ನಾನೂ “ಆಮೇಲೆ” ಎನ್ನುವುದನ್ನು ಬಿಟ್ಟಿದ್ದೇನೆ.